ಸಂತರ ದಿನಕ್ಕೆ ‘ಜಯಂತಿ’ ಎನ್ನಬಹುದೇ?

ಪ್ರಶ್ನೆ: ಮಾನ್ಯರೇ, ಕ್ರೈಸ್ತ ಸಂತರ ಕುರಿತ ಕಿರುಪುಸ್ತಿಕೆಯೊಂದನ್ನು ಅನುವಾದಿಸುತ್ತಿದ್ದೇನೆ, ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕಾಗಿದೆ. ‘ಆಗಸ್ಟ್ 10, ಸಂತ ಲಾರೆನ್ಸರ ಜಯಂತಿ’ ಎಂದು ಬರೆದಿರುವುದು ಸರಿಯೇ?

ಉತ್ತರ: ಸರಿಯಲ್ಲ. ಲಾರೆನ್ಸರು ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 258ರಲ್ಲಿ, ರೋಮಿನಲ್ಲಿ ರಕ್ತಸಾಕ್ಷಿಯಾದವರು, ಅಂದರೆ ನಂಬಿಕೆಗಾಗಿ ಪ್ರಾಣ ತೆತ್ತವರು, ಆಗಸ್ಟ್ 10 ಅವರ ಮರಣದ ದಿನ. 354ರ ರೋಮನ್ ಪಂಚಾಂಗದಲ್ಲಿ ಅವರ ಹೆಸರು ಬರುವ ಪಟ್ಟಿಯ ಶೀರ್ಷಿಕೆಯೇ ರಕ್ತಸಾಕ್ಷಿಗಳನ್ನು ಮಣ್ಣು ಮಾಡಿದ್ದು ಎಂಬ ಅರ್ಥದ್ದು. ಆದರೂ ನಿಮ್ಮ ತಪ್ಪಿಗೆ ಹಳೆಯ ಆಧಾರವೊಂದಿದೆ ಎಂಬುದನ್ನು ಒಪ್ಪಬೇಕು. ಸಂತರ ಮರಣದಿನವನ್ನು ಲ್ಯಾಟಿನ್ನಿನಲ್ಲಿ ‘ದಿಯೆಸ್ ನಾತಾಲಿಸ್’, ಅಂದರೆ ಪರಲೋಕದಲ್ಲಿ ಹುಟ್ಟಿದ ದಿನ, ಎಂದೇ ಕರೆಯುತ್ತಾರೆ. ಸ್ಮಿರ್ನಾದ ಬಿಷಪ್ ಪಾಲಿಕಾರ್ಪರ ಸಾವನ್ನು ವರ್ಣಿಸುವ ಪ್ರಾಚೀನ ಗ್ರೀಕ್ ಪತ್ರದಲ್ಲಿಯೂ ಇದೇ ಬಳಕೆಯಿದೆ. ಕನ್ನಡದ ‘ಜಯಂತಿ’ಗೆ ಮಾತ್ರ ಈ ಇಬ್ಬಗೆಯ ಅರ್ಥವಿಲ್ಲ. ಅದನ್ನು ಹುಟ್ಟಿನ ಹಬ್ಬಗಳೇ ಆದ ಸ್ನಾನಿಕ ಯೊವಾನ್ನರ ಜೂನ್ 24ಕ್ಕೂ ಮಾತೆ ಮರಿಯಳ ಸೆಪ್ಟೆಂಬರ್ 8ಕ್ಕೂ, ಅಂದರೆ ಕರಾವಳಿಯ ಮೊಂತಿ ಫೆಸ್ತಿಗೂ, ಉಳಿಸಿಕೊಳ್ಳಿ.

ಮತ್ತೊಂದು ಉತ್ತರ: ಮಂತ್ರಾಲಯದ ರಾಯರು ಬೃಂದಾವನಸ್ಥರಾದ ದಿನಕ್ಕೆ ನಾವು ‘ಆರಾಧನೆ’ ಎನ್ನುವುದಿಲ್ಲವೇ? ಮರಣದಿನವನ್ನು ಶೋಕವಿಲ್ಲದೆ ಆಚರಿಸುವುದಕ್ಕೆ ಇಷ್ಟು ಒಪ್ಪುವ ಮಾತು ಕೈಯಲ್ಲೇ ಇರುವಾಗ ಲ್ಯಾಟಿನ್ನಿನ ಹಂಗೇಕೆ? ‘ಸಂತ’ ಎಂಬುದೂ ‘ಸಾಂಕ್ತುಸ್’ ಎಂಬ ಲ್ಯಾಟಿನ್ ಪದದ ಎರವಲೇ ಆಗಿರುವುದರಿಂದ ಅದನ್ನೂ ಬಿಟ್ಟು, ಅಚ್ಚಗನ್ನಡದ ‘ಹಬ್ಬ’ವನ್ನಾದರೂ ಬಳಸಬಹುದು.

ಉತ್ತರ: ಮೂರೂ ಮಾತು ಹಾಗೆ ನಿಲ್ಲುವುದಿಲ್ಲ. ಕ್ರೈಸ್ತರ ಕನ್ನಡದಲ್ಲಿ ಆರಾಧನೆ ದೇವರೊಬ್ಬನಿಗೇ ಸಲ್ಲುವಂಥದ್ದು, ಸಂತರಿಗೆ ಸಲ್ಲುವುದು ಗೌರವ ಮಾತ್ರ. ಆದ್ದರಿಂದ ‘ಸಂತ ಲಾರೆನ್ಸರ ಆರಾಧನೆ’ ಎಂದು ಅಚ್ಚು ಮಾಡಿದರೆ ಪುಸ್ತಿಕೆಯನ್ನು ಓದುವ ಪಾದ್ರಿಗಳೇ ಮೊದಲು ಆಕ್ಷೇಪಿಸುತ್ತಾರೆ. ‘ಸಂತ’ ಸಂಸ್ಕೃತದ ‘ಸತ್’ನಿಂದ ಬಂದದ್ದು, ‘ಸಾಂಕ್ತುಸ್’ನೊಡನೆ ಅದರ ಹೋಲಿಕೆ ಕೇವಲ ಆಕಸ್ಮಿಕ. ‘ಹಬ್ಬ’ವೋ, ‘ಪರ್ವ’ದ ತದ್ಭವ! ಎರವಲನ್ನು ಅಟ್ಟಲು ಹೊರಟವರು ಎರವಲನ್ನೇ ಅಚ್ಚಗನ್ನಡವೆಂದು ತಂದಿದ್ದಾರೆ.

ಪ್ರಶ್ನಿಸಿದವರಿಗೆ: ‘ಸಂತ ಲಾರೆನ್ಸರ ಹಬ್ಬ’ ಎಂದೇ ಬರೆಯಿರಿ. ಕಥೋಲಿಕರಲ್ಲಿ ಮಹೋತ್ಸವ, ಹಬ್ಬ, ಸ್ಮರಣೆ ಎಂಬ ದರ್ಜೆಗಳಿದ್ದು, ಆಗಸ್ಟ್ 10 ನಡುವಿನ ದರ್ಜೆಗೆ ಸೇರುತ್ತದೆ. ಪುಸ್ತಿಕೆಯ ಬೇರೆಡೆ ‘ಮರಣದಿನ’ ಎಂದು ಸಾರಾಸಗಟಾಗಿ ತಿದ್ದಿಬಿಡಬೇಡಿ. ಮಿಲಾನಿನ ಅಂಬ್ರೋಸರು ತೀರಿಕೊಂಡದ್ದು 397ರ ಏಪ್ರಿಲ್ 4ರಂದು, ಆದರೆ ಅವರನ್ನು ಸ್ಮರಿಸುವುದು ಬಿಷಪ್ಪರಾಗಿ ಅಭಿಷಿಕ್ತರಾದ ಡಿಸೆಂಬರ್ 7ರಂದು. ಕಾರ್ಕಳದ ಅತ್ತೂರಿನಲ್ಲಿ ಲಾರೆನ್ಸರ ಹೆಸರಿನಲ್ಲೇ ಜನವರಿಯಲ್ಲಿ ನಡೆಯುವುದಕ್ಕೆ ‘ಜಾತ್ರೆ’ ಎಂಬ ಮಾತು ರೂಢಿಯಲ್ಲಿದೆ, ಅದನ್ನು ಮುಟ್ಟಬೇಡಿ.