ಬೋಸ್ ಪೋಲರಾನ್: ಎರಡನೇ ಎಕ್ಸೈಟೇಶನ್ ಸೇರಿಸಿದ ಕೂಡಲೇ ಕಟ್‌ಆಫ್ ಏರಿಸಿದಂತೆ ಶಕ್ತಿ ಇಳಿಯುತ್ತದೆ, ಯಾಕೆ?

ಪ್ರಶ್ನೆ (ಶೂನ್ಯಕೆಲ್ವಿನ್):
ಕಂಡೆನ್ಸೇಟ್ (ಅತಿ ತಂಪಿನಲ್ಲಿ ಒಂದೇ ಸ್ಥಿತಿಗೆ ಇಳಿದ ಬೋಸಾನ್ ಪರಮಾಣುಗಳ ಮೋಡ) ಒಳಗೆ ಒಂದೇ ಒಂದು ಇಂಪ್ಯೂರಿಟಿ (ಬೇರೆ ಬಗೆಯ) ಪರಮಾಣು, ಅಂದರೆ ಬೋಸ್ ಪೋಲರಾನ್, ಎರಡೂ ಬಗೆಯ ಪರಮಾಣುಗಳಿಗೆ ಸಮ ದ್ರವ್ಯರಾಶಿ, ಯುನಿಟಾರಿಟಿಯಲ್ಲಿ (ಎರಡು ಕಣಗಳ ಬಲವನ್ನು ಅಳೆಯುವ ಸ್ಕ್ಯಾಟರಿಂಗ್ ಲೆಂತ್ ಅನಂತವಾಗುವಲ್ಲಿ) ವೇರಿಯೇಷನಲ್ ಲೆಕ್ಕ. ಸಂಪರ್ಕ ಬಲವನ್ನು ಸ್ಕ್ಯಾಟರಿಂಗ್ ಲೆಂತ್ ಮೂಲಕ ರೀನಾರ್ಮಲೈಸ್ ಮಾಡಿದ್ದೇನೆ. ಒಂದೇ ಬೊಗೊಲ್ಯುಬೋವ್ ಎಕ್ಸೈಟೇಶನ್ (ಕಂಡೆನ್ಸೇಟ್‌ನಿಂದ ಹೊರಬಿದ್ದ ಬೋಸಾನ್) ಇಟ್ಟಾಗ ಕಟ್‌ಆಫ್ (ಲೆಕ್ಕಕ್ಕೆ ತೆಗೆದುಕೊಳ್ಳುವ ಗರಿಷ್ಠ ಮೊಮೆಂಟಮ್) ಎಷ್ಟು ಏರಿಸಿದರೂ ಉತ್ತರ ಕದಲುವುದಿಲ್ಲ. ಎರಡನೆಯದನ್ನು ಸೇರಿಸಿದರೆ, ಕಟ್‌ಆಫ್ ಏರಿಸಿದಷ್ಟೂ ಶಕ್ತಿ ಕೆಳಗೆ ಹೋಗುತ್ತಲೇ ಇರುತ್ತದೆ. ಫರ್ಮಿ ಪೋಲರಾನ್‌ನಲ್ಲಿ (ಫರ್ಮಿಯಾನ್‌ಗಳ ನಡುವೆ ಒಂದು ಇಂಪ್ಯೂರಿಟಿ) ಇದೇ ವಿಧಾನ ಚೆನ್ನಾಗಿ ನಿಲ್ಲುತ್ತದೆ: ಒಂದು ಕಣ-ರಂಧ್ರ ಜೋಡಿಗೆ ಫರ್ಮಿ ಶಕ್ತಿಯ −0.607, ಎರಡು ಜೋಡಿಗೆ −0.616. ಕೋಡ್‌ನಲ್ಲೇ ತಪ್ಪಿದೆಯೇ?

ಉತ್ತರ 1 (ಮೂರನೆಯವ):
ಕೋಡ್ ಸರಿಯಾಗಿಯೇ ಇರಬಹುದು. ನೀವು ನೋಡುತ್ತಿರುವುದು ಥಾಮಸ್ ಕುಸಿತ, 1935ರಿಂದ ಗೊತ್ತಿರುವ ವಿಷಯ. ಒಂದು ಎಕ್ಸೈಟೇಶನ್ ಇದ್ದಾಗ ಸಮೀಕರಣದೊಳಗೆ ಇರುವುದು ಎರಡು ಕಣಗಳ ಸಮಸ್ಯೆ ಮಾತ್ರ, ಅದಕ್ಕೆ ಸ್ಕ್ಯಾಟರಿಂಗ್ ಲೆಂತ್ ಸಾಕು. ಎರಡಾದಾಗ ಇಂಪ್ಯೂರಿಟಿ ಮತ್ತು ಎರಡು ಬೋಸಾನ್ ಒಟ್ಟಿಗೆ ಹತ್ತಿರ ಬರುತ್ತವೆ, ಎಫಿಮೋವ್ ಟ್ರೈಮರ್ (ಮೂರು ಕಣಗಳ ಬಂಧಿತ ಸ್ಥಿತಿ) ಹುಟ್ಟುತ್ತದೆ. ಶೂನ್ಯ ವ್ಯಾಪ್ತಿಯ ಬಲದಲ್ಲಿ ಅದರ ಬಂಧನ ಶಕ್ತಿಗೆ ತಳವೇ ಇಲ್ಲ. ತಳ ಹಾಕಿಕೊಡುವುದು ನಿಮ್ಮ ಕಟ್‌ಆಫ್. ಪೋಲರಾನ್ ಶಕ್ತಿ ಅದರ ಹಿಂದೆ ಹೋಗುತ್ತದೆ.

ಫರ್ಮಿ ಅನಿಲದಲ್ಲಿ ಒಂದೇ ಸ್ಪಿನ್‌ನ ಎರಡು ಫರ್ಮಿಯಾನ್‌ಗಳನ್ನು ಪೌಲಿ ನಿಯಮ ದೂರ ಇಡುತ್ತದೆ, ಹಾಗಾಗಿ ನಿಮಗೆ ಈ ತೊಂದರೆ ಕಾಣಲಿಲ್ಲ. (ಫರ್ಮಿಯಾನ್ ಇಂಪ್ಯೂರಿಟಿಗಿಂತ 13.6 ಪಟ್ಟಿಗೂ ಹೆಚ್ಚು ಭಾರವಾದರೆ ಅಲ್ಲಿಯೂ ಎಫಿಮೋವ್ ಬರುತ್ತದೆ.)

ಪರಿಹಾರ: ಮೂರು ಕಣಗಳ ಪ್ಯಾರಾಮೀಟರನ್ನು ಭೌತಿಕವಾಗಿ ಕೊಡಿ. ಎರಡು ಚಾನೆಲ್ ಮಾದರಿ (ಬಿಡಿ ಪರಮಾಣುಗಳ ಜೊತೆಗೆ ಡೈಮರ್, ಅಂದರೆ ಎರಡು ಕಣ ಕೂಡಿದ ಅಣು, ಪ್ರತ್ಯೇಕವಾಗಿ ಇರುವುದು) ನನಗೆ ಮೆಚ್ಚು. ರೆಸೊನೆನ್ಸ್ ಅಗಲ, ಹಿನ್ನೆಲೆ ಸ್ಕ್ಯಾಟರಿಂಗ್ ಲೆಂತ್, ಮ್ಯಾಗ್ನೆಟಿಕ್ ಮೊಮೆಂಟ್‌ಗಳ ವ್ಯತ್ಯಾಸ, ಈ ಮೂರರ ಗುಣಲಬ್ಧ ಛೇದದಲ್ಲಿ ಕೂತು ಒಂದು ಉದ್ದ ಕೊಡುತ್ತದೆ. ಕಟ್‌ಆಫ್ ಅನಂತಕ್ಕೆ ಹೋದರೂ ಶಕ್ತಿ ನಿಲ್ಲುತ್ತದೆ. ಆದರೆ ತರಂಗಫಲನದಲ್ಲಿ ಐದು ಪದಗಳು ಬೇಕು: ಬರಿ ಇಂಪ್ಯೂರಿಟಿ, ಇಂಪ್ಯೂರಿಟಿ ಮತ್ತು ಒಂದು ಬೋಸಾನ್, ಬರಿ ಡೈಮರ್, ಇಂಪ್ಯೂರಿಟಿ ಮತ್ತು ಎರಡು ಬೋಸಾನ್, ಡೈಮರ್ ಮತ್ತು ಒಂದು ಬೋಸಾನ್. ಕೊನೆಯದನ್ನು ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ಟ್ರೈಮರ್ ಬರುವುದೇ ಇಲ್ಲ, ಶಕ್ತಿ ನಿಂತಂತೆ ಕಂಡು ಮೋಸ ಮಾಡುತ್ತದೆ.

ಉತ್ತರ 2 (ಲಾಗ್‌ಗ್ರಿಡ್):
ಮಾಧ್ಯಮಕ್ಕೆ ಕೈ ಹಾಕುವ ಮೊದಲು ಸಾಂದ್ರತೆ ಸೊನ್ನೆ ಮಾಡಿ, ಅದೇ ಕೋಡ್‌ನಿಂದ ನಿರ್ವಾತದ ಟ್ರೈಮರ್ ತೆಗೆಯಿರಿ. ಇಂಪ್ಯೂರಿಟಿ-ಬೋಸಾನ್ ಬಲ ಮಾತ್ರ ರೆಸೊನೆಂಟ್, ದ್ರವ್ಯರಾಶಿ ಸಮ ಎಂದಾಗ ಎರಡು ಸತತ ಟ್ರೈಮರ್‌ಗಳ ಗಾತ್ರದ ಅನುಪಾತ 1986, ಶಕ್ತಿಯಲ್ಲಿ ಸುಮಾರು 39 ಲಕ್ಷ ಪಟ್ಟು. ಸಮಾನ ಅಂತರದ ಗ್ರಿಡ್ ಇದರ ಮುಂದೆ ಸೋಲುತ್ತದೆ. ಮೊಮೆಂಟಮ್‌ನ ಲಾಗರಿದಮ್‌ನಲ್ಲಿ ಗೌಸ್-ಲೆಜಾಂಡ್ರ ಬಿಂದುಗಳನ್ನು ಹಾಕಿ, ಜಾಕೋಬಿಯನ್‌ನಲ್ಲಿ ಬರುವ ಹೆಚ್ಚುವರಿ ಮೊಮೆಂಟಮ್ ಬಿಡಬೇಡಿ.

ಪರೀಕ್ಷೆಗೆ ಸುಲಭದ ದಾರಿ: ದ್ರವ್ಯರಾಶಿಯನ್ನು ತಾತ್ಕಾಲಿಕವಾಗಿ ಎರಡು ಸೀಸಿಯಂ-133, ಒಂದು ಲಿಥಿಯಂ-6 ಎಂದು ಇಡಿ. ಅನುಪಾತ 4.88ಕ್ಕೆ ಇಳಿಯುತ್ತದೆ, ಮೂರ್ನಾಲ್ಕು ಟ್ರೈಮರ್ ಒಟ್ಟಿಗೆ ಸಿಗುತ್ತವೆ. ಬೇರೆ ಸಂಖ್ಯೆ ಬಂದರೆ ಮೊದಲ ಅನುಮಾನ ವಿನಿಮಯ ಪದದ ಮೇಲೆ, ಅಥವಾ ಎರಡು ಬೋಸಾನ್‌ಗಳ ಸಮ್ಮಿತಿಯಿಂದ ಬರುವ 2ರ ಗುಣಕದ ಮೇಲೆ. ಎಲ್ಲ ಜೋಡಿಯೂ ರೆಸೊನೆಂಟ್ ಆದ ಮೂರು ಏಕರೂಪ ಬೋಸಾನ್‌ಗಳ 22.7 ಇಲ್ಲಿ ಹೊಂದುವುದಿಲ್ಲ, ಅದಕ್ಕೆ ತಾಳೆ ನೋಡಬೇಡಿ.

ಪ್ರಶ್ನಿಸಿದವರು:
ಡೈಮರ್ ಮತ್ತು ಒಂದು ಬೋಸಾನ್ ಪದ ಸೇರಿಸಿದೆ, 4.88 ಬಂತು, ಎರಡು ಚಾನೆಲ್‌ನಲ್ಲಿ ಶಕ್ತಿಯೂ ನಿಂತಿತು. ಇನ್ನು ಇದು ಪ್ರಯೋಗದಲ್ಲಿ ಕಾಣುತ್ತದೆಯೇ?

ಉತ್ತರ 3 (ಆರ್‌ಎಫ್‌ಪಲ್ಸ್):
ಒಂದು ಹೋಲಿಕೆ ಸಾಕು: ಟ್ರೈಮರ್ ಮೊದಲು ಕಾಣಿಸಿಕೊಳ್ಳುವ ಋಣ ಸ್ಕ್ಯಾಟರಿಂಗ್ ಲೆಂತ್ ಒಂದೆಡೆ, ಪರಮಾಣುಗಳ ನಡುವಿನ ಅಂತರ ಇನ್ನೊಂದೆಡೆ. ಘನ ಸೆಂಟಿಮೀಟರಿಗೆ 10¹⁴ ಸಾಂದ್ರತೆಯಲ್ಲಿ ಆ ಅಂತರ 215 ನ್ಯಾನೋಮೀಟರ್, ಅಂದರೆ ಸುಮಾರು 4070 ಬೋರ್ ತ್ರಿಜ್ಯ. ಟ್ರೈಮರ್ ಇದಕ್ಕಿಂತ ತುಂಬಾ ದೊಡ್ಡದಾದರೆ ನಡುವೆ ಬೇರೆ ಬೋಸಾನ್‌ಗಳು ತುಂಬಿಕೊಂಡು ಅದರ ಗುರುತು ಅಳಿಸುತ್ತದೆ. ಎರಡೂ ಸರಿಸುಮಾರಾದರೆ ಪೋಲರಾನ್ ಶಕ್ತಿ ಗಮನಾರ್ಹವಾಗಿ ಇಳಿಯುತ್ತದೆ.

ಅಳೆಯುವ ದಾರಿ: ಕಾಂತ ಕ್ಷೇತ್ರವನ್ನು ಯುನಿಟಾರಿಟಿಯಲ್ಲಿ ನಿಲ್ಲಿಸಿ ಸಾಂದ್ರತೆ ಬದಲಿಸಿ, ಪ್ರತಿ ಸಲ ಶಕ್ತಿಯನ್ನು ಸಾಂದ್ರತೆಯ ಶಕ್ತಿಮಾನದಿಂದ (ಸಾಂದ್ರತೆ n ಆದರೆ ħ²(6π²n)^(2/3)/2m) ಭಾಗಿಸಿ. ಭಾಗಲಬ್ಧ ಬದಲಾದರೆ ಮತ್ತೊಂದು ಉದ್ದ ಕೆಲಸ ಮಾಡುತ್ತಿದೆ ಎಂದರ್ಥ. ಅದು ಬೋಸಾನ್-ಬೋಸಾನ್ ಸ್ಕ್ಯಾಟರಿಂಗ್ ಲೆಂತ್ ಕೂಡ ಆಗಿರಬಹುದು, ಅದನ್ನು ಸಿದ್ಧಾಂತದಲ್ಲಿ ಬಿಡುವಂತಿಲ್ಲ. ಸಾಂದ್ರತೆ 8 ಪಟ್ಟು ಮಾಡಿದರೂ ಅಂತರ ಅರ್ಧಕ್ಕಿಳಿಯುತ್ತದೆ ಅಷ್ಟೆ. 4.88ರ ಒಂದು ಪೂರ್ಣ ಆವರ್ತ ನೋಡಲು 116 ಪಟ್ಟು ಬೇಕು. 1986ರ ಆವರ್ತವನ್ನು ಮರೆತುಬಿಡಿ.

ಪೊಟ್ಯಾಸಿಯಂ-39ರಲ್ಲಿ, ಮೇಲಿನ ಸಾಂದ್ರತೆಗೆ ಶಕ್ತಿಮಾನ ಸುಮಾರು 42 ಕಿಲೋಹರ್ಟ್ಸ್. ರೋಹಿತ ತೆಗೆಯಲು ಬಳಸುವ 100 ಮೈಕ್ರೋಸೆಕೆಂಡಿನ ಚೌಕ ರೇಡಿಯೋ ಪಲ್ಸ್ ತಾನೇ 9 ಕಿಲೋಹರ್ಟ್ಸ್ ಅಗಲ ತರುತ್ತದೆ. ಪಲ್ಸ್ ಉದ್ದ ಮಾಡಿದರೆ ಮೂರು ಕಣಗಳ ರೀಕಾಂಬಿನೇಶನ್ ಇಂಪ್ಯೂರಿಟಿಗಳನ್ನು ತಿನ್ನುತ್ತದೆ, ಆದ್ದರಿಂದ ಅಗಲವನ್ನು ಒಪ್ಪಿಕೊಂಡು ಮಾದರಿಯಲ್ಲೇ ಸೇರಿಸಿ.

ಹೆಚ್ಚು ಕೆಡಿಸುವುದು ಟ್ರ್ಯಾಪ್. ಥಾಮಸ್-ಫರ್ಮಿ ಮೋಡದಲ್ಲಿ ಸರಾಸರಿ ಸಾಂದ್ರತೆ ಗರಿಷ್ಠದ 4/7 ಮಾತ್ರ. ಗರಿಷ್ಠವನ್ನೇ ಬಳಸಿ ಭಾಗಿಸಿದರೆ ಅನುಪಾತ ಸುಮಾರು 0.69ಕ್ಕೆ ಕುಗ್ಗುತ್ತದೆ, ನೀವು ಹುಡುಕುತ್ತಿರುವ ಪರಿಣಾಮಕ್ಕಿಂತ ದೊಡ್ಡ ತಪ್ಪು. ರೋಹಿತದ ಶಿಖರದ ಒಂದು ಬದಿ ಸೊನ್ನೆಯ ಕಡೆಗೆ ಬಾಲದಂತೆ ಎಳೆದುಕೊಂಡಿದ್ದರೆ ಅದು ಮೋಡದ ಅಂಚಿನ ವಿರಳ ಪರಮಾಣುಗಳದ್ದು.

ಉತ್ತರ 1ರವರು ಮತ್ತೆ:
ಟ್ರೈಮರ್‌ಗೆ ಪ್ರತ್ಯೇಕ ಗೆರೆ ನಿರೀಕ್ಷಿಸಬೇಡಿ. ಕಂಡೆನ್ಸೇಟ್‌ನಿಂದ ಬೋಸಾನ್ ಬರುತ್ತಾ ಹೋಗುತ್ತಾ ಇರುವುದರಿಂದ ಪೋಲರಾನ್ ಮತ್ತು ಟ್ರೈಮರ್ ಒಂದರೊಳಗೊಂದು ಬೆರೆಯುತ್ತವೆ, ಫರ್ಮಿ ಅನಿಲದ ಪೋಲರಾನ್-ಅಣು ಜಿಗಿತ ಇಲ್ಲಿಲ್ಲ. ಮೂರನೇ ಎಕ್ಸೈಟೇಶನ್ ಸೇರಿಸುವ ಆಸೆಯಿದ್ದರೆ ಬೋಸಾನ್‌ಗಳ ನಡುವಿನ ವಿಕರ್ಷಣೆಯನ್ನು ಮೊದಲು ಒಳಗೆ ತನ್ನಿ. ಅದು ಸೊನ್ನೆಯಾಗಿದ್ದು ಇಂಪ್ಯೂರಿಟಿ ತುಂಬ ಭಾರವಾಗಿದ್ದರೆ, ಧನ ಸ್ಕ್ಯಾಟರಿಂಗ್ ಲೆಂತ್ ಬದಿಯಲ್ಲಿ ಎಷ್ಟು ಬೋಸಾನ್ ಬೇಕಾದರೂ ಅದಕ್ಕೆ ಅಂಟುತ್ತವೆ, ಶಕ್ತಿ ಮತ್ತೆ ತಳವಿಲ್ಲದೆ ಇಳಿಯುತ್ತದೆ.