ತುರ್ತು: ಚಾಕುವಿನ 'ಒರೆ' ಸಡಿಲ, ಪದ ಬೇಕು

ಸ., ಮೈಸೂರು (ಬೆಳಗ್ಗೆ 10.40)

ಎಲ್ಲರಿಗೂ ನಮಸ್ಕಾರ. ನಾಳೆ ಅಚ್ಚಿಗೆ ಹೋಗಬೇಕಾದ ಎರಡು ಪುಟ ನನ್ನ ಮುಂದಿದೆ. ಚರ್ಮದ ಸಾಮಾನು ಹೊಲಿಯುವ ಒಬ್ಬರು ತಮ್ಮ ಚಾಕುಗಳ ಜೊತೆ ಹಂಚಲು ಮಾಡಿಸುತ್ತಿದ್ದಾರೆ. ವಿಷಯ ಇಷ್ಟೇ. ಚಾಕು ಇಡುವ ಚರ್ಮದ ಕವರು ದಿನ ಕಳೆದಂತೆ ಸಡಿಲವಾಗುತ್ತೆ. ತಲೆಕೆಳಗು ಮಾಡಿದರೆ ಚಾಕು ಜಾರಿ ಬೀಳುತ್ತೆ. ಅದನ್ನು ಮನೆಯಲ್ಲೇ ಸರಿಮಾಡಿಕೊಳ್ಳುವುದು ಹೇಗೆ?

ನನಗೆ ಮೂರು ಪದ ಬೇಕು. ಆ ಕವರಿಗೆ 'ಒರೆ' ಅನ್ನಬಹುದಾ, ಅದು ಬರೀ ರಾಜರ ಕತ್ತಿಗೆ ಮೀಸಲಾ? ಮಡಚಲು ಬಾರದ ಚಾಕುವಿಗೆ ಏನನ್ನೋಣ? ಹಳೆಯ ಕರಡಿನಲ್ಲಿ ಯಾರೋ 'ಸ್ಥಿರಫಲಕ ಛುರಿಕೆ' ಎಂದು ಬರೆದಿದ್ದಾರೆ, ಓದಿ ನನಗೇ ಹೆದರಿಕೆಯಾಯಿತು. ಕೊನೆಯದು, ಎರಡು ಪದರದ ನಡುವೆ ಅಲಗಿನ ಬಾಯಿ ಬರುವ ಕಡೆ ಸೇರಿಸಿ ಹೊಲಿಯುವ ಚರ್ಮದ ಪಟ್ಟಿ. ಅದಿಲ್ಲದಿದ್ದರೆ ಅಲಗು ಹೊಲಿಗೆಯ ದಾರವನ್ನೇ ಕೊಯ್ಯುತ್ತೆ. ಇಂಗ್ಲಿಷಿನವರು ವೆಲ್ಟ್ ಅನ್ನುತ್ತಾರೆ.

ಸಂಜೆ ಆರರೊಳಗೆ ಹೇಳಿದರೆ ಉಪಕಾರ.

ಹಳೆಮಾಸ್ತರು (11.05)

ಒರೆ. ಇದರಲ್ಲಿ ಕೇಳುವುದೇನಿದೆ? ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಅನ್ನುವ ಗಾದೆ ರಾಜರ ಮನೆಯಲ್ಲಿ ಮಾತ್ರ ಹುಟ್ಟಿದ್ದಲ್ಲ.

ಆದರೆ ಬರೆಯುವುದಾದರೆ ಸರಿಯಾಗಿ ಬರೆಯಿರಿ: ಒಱೆ. ಈ ಱ ಶಕಟರೇಫ, ಹಳಗನ್ನಡದ ಇನ್ನೊಂದು ರ. ತಮಿಳಿನ ಉಱೈ ನೋಡಿ. ಚಿನ್ನ ಉಜ್ಜುವ ಒರೆಗಲ್ಲಿನ ಒರೆ ಬೇರೆಯೇ ಪದ, ಅಲ್ಲಿರುವುದು ಸಾದಾ ರ. ತಮಿಳಿನಲ್ಲಿ ಇವತ್ತಿಗೂ ಎರಡನ್ನೂ ಬೇರೆಬೇರೆ ಬರೆಯುತ್ತಾರೆ. ಹೇಳು ಅನ್ನುವ ಅರ್ಥದ ಹಳಗನ್ನಡದ ಒರೆಯೂ ಸಾದಾ ರಕಾರದ್ದೇ. ನಾವು ಮಾತ್ರ ಱ ಕೈಬಿಟ್ಟು ಎಲ್ಲ ಕಾಳನ್ನೂ ಒಂದೇ ಹಗೇವಿಗೆ ಸುರಿದೆವು. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಱ, ೞ ಎಲ್ಲೆಲ್ಲಿ ಬರಬೇಕೆಂದು ಹೇಳಿಟ್ಟಿದ್ದಾನೆ. ಯಾರು ಕೇಳಬೇಕು?

ಸ. (11.20)

ಮಾಸ್ತರೇ, ಅಚ್ಚಿನವರ ಫಾಂಟಿನಲ್ಲಿ ಆ ಅಕ್ಷರ ಚೌಕಟ್ಟಾಗಿ ಬೀಳುತ್ತೆ. ಒರೆ ಎಂದೇ ಇಡುತ್ತೇನೆ.

ಆದರೆ ನಿಮ್ಮ ಮಾತಿನಿಂದ ಒಂದು ತಪ್ಪು ಕಣ್ಣಿಗೆ ಬಿತ್ತು. ಕರಡಿನಲ್ಲಿ 'ಕೆಲಸ ಮುಗಿದ ಮೇಲೆ ಚಾಕುವನ್ನು ಒರೆಗೆ ಹಚ್ಚಿ ಇಡಿ' ಎಂದಿದೆ. ಅಂದರೆ ಚಾಕುವನ್ನು ಪರೀಕ್ಷೆ ಮಾಡಿ ಇಡಬೇಕು! 'ಒರೆಗೆ ಹಾಕಿ' ಸಾಕಲ್ವಾ?

ಹಳೆಮಾಸ್ತರು (11.24)

ಸಾಕು. ಹೊರತೆಗೆಯುವುದಕ್ಕೆ 'ಹಿರಿ'. ಒರೆಯಿಂದ ಹಿರಿಯುತ್ತಾರೆ, ಎಳೆಯುವುದಿಲ್ಲ.

ಗಡಿನಾಡಿಗ, ಕಾಸರಗೋಡು (11.50)

ಈರುಳ್ಳಿ ಹೆಚ್ಚುವ ಚಾಕುವನ್ನು ಯಾರು ಸ್ವಾಮಿ 'ಹಿರಿಯುತ್ತಾರೆ'? ತೆಗೆಯಿರಿ ಅಂದರೆ ಆಯಿತು.

ನಮ್ಮ ಕಡೆ ಕಿವಿಗೆ ಬೀಳುವ ಮಲಯಾಳದ ಉರ ಕತ್ತಿಗೂ ಆಗುತ್ತೆ, ದಿಂಬಿಗೂ ಆಗುತ್ತೆ. ತಮಿಳಿನಲ್ಲೂ ಹಾಗೇ, ಕೈಗೆ ಹಾಕುವುದು ಕೈಯುಱೈ. ಕನ್ನಡ ಆ ಪದವನ್ನು ಕತ್ತಿಗೆ ಮಾತ್ರ ಕಟ್ಟಿಹಾಕಿ, ದಿಂಬನ್ನೂ ಕೈಯನ್ನೂ 'ಗವಸು'ವಿಗೆ ಬಿಟ್ಟಿತು. ತಮಿಳಿನ ಉಕಾರ ಕನ್ನಡದಲ್ಲಿ ಒಕಾರ ಆಗುವ ವಿಷಯ ಇಲ್ಲಿ ಎಲ್ಲರಿಗೂ ಗೊತ್ತು, ಕುಡೈ ಕೊಡೆ ಆದ ಹಾಗೆ. ನನಗೆ ಇಷ್ಟವಾಗುವುದು ಅರ್ಥದ ಹಂಚಿಕೆ. ಗವಸು ಸ್ವಲ್ಪ ದೊಗಲೆ ಇದ್ದರೂ ನಡೆಯುತ್ತೆ. ಒರೆ ಬಿಗಿ ಇರಲೇಬೇಕು. ಸಡಿಲ ಒರೆ ಗವಸೇ ಸರಿ.

ಕಾಫಿತೋಟ (12.15)

ರಾಜರಿಗೆ ಮಾತ್ರಾನಾ ಅಂತ ಕೇಳಿದ್ದಕ್ಕೆ ಕೊಡಗಿನಿಂದ ಒಂದು ಮಾತು. ನಾವು ಮದುವೆಗೆ ಕುಪ್ಪಸ ಹಾಕಿ, ಸೊಂಟಪಟ್ಟಿಗೆ (ಚೇಲೆ) ಸಿಕ್ಕಿಸುವ ಚಿಕ್ಕ ಪೀಚೆಕತ್ತಿಗೆ ಬೆಳ್ಳಿ ಕೆಲಸದ ಒರೆ ಇದೆ. ಒಡಿಕತ್ತಿಗೆ ಒರೆಯೇ ಇಲ್ಲ. ಅಷ್ಟು ಅಗಲದ ಬಾಗಿದ ಅಲಗು ಯಾವ ಒರೆಗೆ ಹೋಗುತ್ತೆ? ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ ಹಿತ್ತಾಳೆಯ ಕೊಕ್ಕೆ ತೋಡಂಗಿಗೆ ಅದನ್ನು ಬರಿದಾಗಿಯೇ ಸಿಕ್ಕಿಸುತ್ತಾರೆ. ಹಾಗಾಗಿ ಕತ್ತಿ ಇದ್ದಲ್ಲೆಲ್ಲ ಒರೆ ಇರಬೇಕಿಲ್ಲ. ಆದರೆ ಇದ್ದರೆ ಅದು ಒರೆಯೇ, ಚಿಕ್ಕದಿರಲಿ ದೊಡ್ಡದಿರಲಿ.

ಅಚ್ಚಗನ್ನಡ (12.40)

ಎಲ್ಲರೂ 'ಚಾಕು' ಎಂದು ಬರೆಯುತ್ತಿದ್ದೀರಿ. ಅದು ಪಾರಸಿ. 'ಚರ್ಮ' ಸಕ್ಕದ (ಸಂಸ್ಕೃತ). ಈ ನುಡಿಯಲ್ಲಿ ನಿಮ್ಮದು ಅನ್ನುವುದು ಏನಾದರೂ ಉಳಿದಿದೆಯೇ? ಕತ್ತಿ ಅನ್ನಿ. ತೊಗಲು ಅನ್ನಿ. ಮಡಚಲಾಗದ್ದು ನಿಲ್ಲಲಗಿನ ಕತ್ತಿ. ಚಿಕ್ಕ ಪಟ್ಟಿಗೆ ನಡುದೊಗಲು. ಇನ್ನು 'ಒರೆ'ಯನ್ನು ಅಚ್ಚಗನ್ನಡದ ನಾವು 'ಪದ' ಅನ್ನುವುದಕ್ಕೆ ಬಳಸುತ್ತಿದ್ದೇವೆ. ಆದ್ದರಿಂದ ಇದಕ್ಕೆ 'ಅಲಗುಮನೆ' ಎಂದರೆ ತೊಡಕಿಲ್ಲ. ಮೂಲ ಪ್ರಶ್ನೆಯ ಸಡಿಲಕ್ಕೆ ಸಡಿಲ ಎಂದೇ ಇಡಿ, ಅದು ನಮ್ಮದು.

ಗಡಿನಾಡಿಗ (12.46)

ಅಲಗುಮನೆ ಸಡಿಲವಾದರೆ ಮೇಸ್ತ್ರಿಯನ್ನು ಕರೆಯಬೇಕಾ?

ಹಳೆಮಾಸ್ತರು (12.58)

ಇದ್ದ ಪದವನ್ನು ಒಕ್ಕಲೆಬ್ಬಿಸಿ ಇಲ್ಲದ್ದನ್ನು ಕೂರಿಸುವುದು ಭಾಷಾಪ್ರೇಮವಲ್ಲ. ನೀವು 'ಚೂರಿ' ಅನ್ನದಿದ್ದದ್ದು ಒಳ್ಳೆಯದೇ, ಅದು ಛುರಿಕಾ. ಅದರ ತದ್ಭವ ಸುರಗಿ ಇತ್ತು, ಅದನ್ನು ಯಾರೂ ಕೇಳುವುದಿಲ್ಲ. ಕತ್ತರಿ ಸಂಸ್ಕೃತದ ಕರ್ತರಿ. ಕತ್ತಿ ತಮಿಳು ತೆಲುಗಿನಲ್ಲೂ ಇದೆ, ಅದು ನಮ್ಮ ದಾಯಾದಿಗಳದ್ದು. ಒರೆಯಿಂದ ಹೊರಬಂದ ಕತ್ತಿಗೆ ಜನ ಕೊಟ್ಟ ಹೆಸರು ಬಿಚ್ಚುಗತ್ತಿ. ಚಿತ್ರದುರ್ಗದ ಭರಮಣ್ಣ ನಾಯಕನಿಗೆ ಅದೇ ಬಿರುದಾಗಿ ಅಂಟಿತು. ಅಂಥ ಪದ ಕಟ್ಟಿದವರು ನಿಮ್ಮ ಸಮಿತಿಯನ್ನು ಕೇಳಿರಲಿಲ್ಲ.

ಅಚ್ಚಗನ್ನಡ (1.10)

ಕೇಳಿರಲಿಲ್ಲ, ಸರಿ. ಸಕ್ಕದದ ಪಂಡಿತರನ್ನೂ ಕೇಳಿರಲಿಲ್ಲ. ಅದನ್ನೇ ನಾನು ಹೇಳುತ್ತಿರುವುದು.

ಸ. (1.30)

ದಯವಿಟ್ಟು. ಕತ್ತಿ ಅಂದರೆ ನಮ್ಮ ಮೈಸೂರಿನಲ್ಲಿ ಕಾಯಿ ಕೊಚ್ಚುವುದು. ಗಿರಾಕಿ ಕೊಂಡದ್ದು ಗೇಣುದ್ದದ ಚಾಕು. ಚಾಕು ಎಂದೇ ಇರುತ್ತೆ, ಪಾರಸಿಯವರು ವಾಪಸ್ ಕೇಳಿಲ್ಲ.

'ಚರ್ಮದ ಒರೆ' ಎಂದು ಬಿಡಿಸಿ ಬರೆಯಲೋ ಸಂಧಿ ಮಾಡಲೋ?

ಕಾಫಿತೋಟ (1.34)

ಸಂಧಿ ಮಾತ್ರ ಬೇಡ. ಚರ್ಮದೊರೆ ಆಗುತ್ತೆ. ಯಾವ ಸೀಮೆಯ ದೊರೆ ಅಂತ ಕೇಳ್ತಾರೆ.

ಅಚ್ಚಗನ್ನಡ (1.41)

ಅದಕ್ಕೇ ತೊಗಲು ಅಂದೆ. ತೊಗಲೊರೆ. ಒಂದೇ ಉಸಿರಿನಲ್ಲಿ ಬರುತ್ತೆ.

(ನಾನು ಇಲ್ಲಿ ಒಂದು ಗಳಿಗೆ ಸೋತೆ ಎಂದು ಒಪ್ಪಿಕೊಳ್ಳಬೇಕು. ಪದ ಚೆನ್ನಾಗಿದೆ. ತೊಗಲುಗೊಂಬೆಯಲ್ಲಿ ಬದುಕಿರುವ ಪದವೇ. ಅಲಗುಮನೆಯನ್ನು ಅವರೇ ಕೈಬಿಟ್ಟದ್ದನ್ನು ಯಾರೂ ಎತ್ತಿ ಆಡಲಿಲ್ಲ. — ಸ.)

ಹೊಲಿಗೆಯವ, ಬೆಳಗಾವಿ ಜಿಲ್ಲೆ (3.20)

ನಾನು ಬರೆಯುವವನಲ್ಲ, ಓದುವವನು. ಕೈಯಲ್ಲಿ ಕೆಲಸ ಇತ್ತು, ತಡವಾಯಿತು. ಅಂಗಡಿಗೆ ಬರುವವರು ಯಾರೂ ಒರೆ ಅನ್ನುವುದಿಲ್ಲ. 'ಕವರ್ ಲೂಸ್ ಆಗೇತಿ' ಅಂತಾರೆ. ನೀವು ಒರೆ ಅಂತ ಬರೆದರೆ ಅರ್ಥ ಆಗುತ್ತೆ, ನಗುವುದೂ ಇಲ್ಲ. ಬರೆಯಿರಿ. ಆದರೆ ಪದಕ್ಕಿಂತ ಮೊದಲು ಚರ್ಮ ಯಾವುದು ಅಂತ ಕೇಳಿ, ಇಲ್ಲದಿದ್ದರೆ ಹೇಳಿದ ಕೆಲಸವೇ ತಪ್ಪಾಗುತ್ತೆ.

ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ನೀರು ಕುಡಿದರೆ ಮೆತ್ತಗಾಗಿ, ಒತ್ತಿದ ಆಕಾರಕ್ಕೆ ನಿಲ್ಲುತ್ತೆ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಚರ್ಮ ಅಂಥದ್ದು. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು ಎಷ್ಟು ನೆನೆಸಿದರೂ ಆಕಾರ ಹಿಡಿಯುವುದಿಲ್ಲ. ಕತ್ತರಿಸಿದ ಅಂಚು ನೋಡಿ. ಒಳಗೆಲ್ಲ ಕಂದು ಇದ್ದರೆ ತೊಗಟೆಯದು. ನಡುವೆ ನೀಲಿ ಬೂದು ಕಂಡರೆ ಹೆಚ್ಚಾಗಿ ಕ್ರೋಮು.

ತೊಗಟೆಯದಾದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆಯಿರಿ. ಚಾಕುವಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗೆ ಇಡಿ. ಹಿಡಿ ಶುರುವಾಗುವ ಜಾಗದ ಸುತ್ತ ಬೆರಳಿನಿಂದ, ಚಮಚದ ಬೆನ್ನಿನಿಂದ ಒತ್ತಿ. ಹಿಡಿತ ಬರುವುದು ಅಲ್ಲೇ, ಮೊನೆಯ ಕಡೆ ಅಲ್ಲ. ನೆರಳಲ್ಲಿ ಒಂದೆರಡು ದಿನ ಒಣಗಲಿ. ಅವಸರಕ್ಕೆ ಒಲೆ ಮುಂದೆ ಇಟ್ಟರೆ ಚರ್ಮ ಮುದುಡಿ ಬಿರುಕು ಬಿಡುತ್ತೆ. ಅಷ್ಟಕ್ಕೂ ಸಡಿಲ ಇದ್ದರೆ, ಹಳೆ ಹೊಲಿಗೆಯ ಒಳಗಡೆ ಇನ್ನೊಂದು ಸಾಲು ಹೊಲಿಯಬೇಕು. ಮೇಣ ಹಚ್ಚಿದ ದಾರ, ದಬ್ಬಳ ಸಾಕು. ಆದರೆ ಪಟ್ಟಿಯ ಮೇಲೇ ಹೊಲಿಗೆ ಬೀಳಬೇಕು. ಕ್ರೋಮ್ ಆದರೆ ಹಿಡಿಯ ಸುತ್ತ ಒಂದು ಪಟ್ಟಿ, ಅದಕ್ಕೊಂದು ಟಿಚ್ ಬಟನ್. ಬೇರೆ ದಾರಿ ಇಲ್ಲ.

ಆ ಪಟ್ಟಿಗೆ ನಾನು ಪಟ್ಟಿ ಅಂತೀನಿ. ಎರಡು ಪಟ್ಟಿ ಬಂದರೆ ಒಳಪಟ್ಟಿ, ಮೇಲ್ಪಟ್ಟಿ.

ಇನ್ನೊಂದು ಮಾತು ಸೇರಿಸಿ. ಚಾಕುವನ್ನು ತಿಂಗಳುಗಟ್ಟಲೆ ಒರೆಯಲ್ಲೇ ಬಿಡಬೇಡಿ. ಚರ್ಮ ತೇವ ಹಿಡಿಯುತ್ತೆ, ಅಲಗಿಗೆ ತುಕ್ಕು ಹತ್ತುತ್ತೆ.

ಸ. (5.15)

ಕಳಿಸಿದೆ. ಮಡಚದ ಚಾಕು, ಚರ್ಮದ ಒರೆ, ಒಳಪಟ್ಟಿ. ಶೀರ್ಷಿಕೆಯಲ್ಲಿ ಮಾತ್ರ ತೊಗಲೊರೆ. ಕೊನೆಯ ಸಾಲು: 'ಒರೆಸಿ, ಒಣಗಿಸಿ, ಆಮೇಲೆ ಒರೆಗೆ ಹಾಕಿ.' ಹೊಲಿಗೆಯವರಿಗೆ ತುಂಬಾ ಥ್ಯಾಂಕ್ಸ್.

ಹಳೆಮಾಸ್ತರು (5.40)

ಒರೆಸಿಯಲ್ಲಿ ಸಾದಾ ರ, ಒರೆಯಲ್ಲಿ ಱ. ಪ್ರಾಸ ತಪ್ಪಿದೆ. ಇರಲಿ.

ಅಂದ ಹಾಗೆ ಅಚ್ಚಗನ್ನಡದವರು 'ನಮ್ಮದು' ಎಂದು ಎದೆತಟ್ಟಿ ಹೇಳಿದ ಸಡಿಲ, ಸಂಸ್ಕೃತದ ಶಿಥಿಲದ ತದ್ಭವ. ಕನ್ನಡ ವ್ಯಾಕರಣದ ತದ್ಭವ ಪಟ್ಟಿಯಲ್ಲೇ ಇದೆ.

ಅಚ್ಚಗನ್ನಡ (5.52)

ಪಟ್ಟಿ ಬರೆದವರು ಯಾರು? ಹೊಸ ಎಳೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.