ಬಾವಿನೀರಿನ ಕಾಮಾಲೆ ಮತ್ತು ರಕ್ತದಲ್ಲಿ ಕಂಡ ಹೆಪಟೈಟಿಸ್ ಬಿ: ನಮ್ಮ ಊರಲ್ಲಿ ಇದು ಎಷ್ಟು ವ್ಯಾಪಕ?

ಪ್ರಶ್ನೆ (ಕಾಪು ಸಮೀಪದ ನಿವಾಸಿ)

ಈ ಮಳೆಗಾಲದಲ್ಲಿ ನಮ್ಮ ಅಕ್ಕಪಕ್ಕದ ಮೂರು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಮೂರೂ ಮನೆಯವರು ಒಂದೇ ಬಾವಿಯ ನೀರು ಕುಡಿಯುತ್ತಾರೆ. ಅದೇ ತಿಂಗಳು, ಯಾವ ತೊಂದರೆಯೂ ಇಲ್ಲದ ನನ್ನ ತಮ್ಮ ರಕ್ತದಾನ ಮಾಡಿದಾಗ, ಅವನಿಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಅಮ್ಮ ಅವನ ಬಟ್ಟಲು, ಲೋಟ ಬೇರೆ ಇಟ್ಟಿದ್ದಾರೆ, ಅವನು ಮಾತೇ ಕಡಿಮೆ ಮಾಡಿದ್ದಾನೆ. ಅವನಿಗೂ ಬಾವಿಯಿಂದಲೇ ಬಂತೇ? ಇಂಥವರು ನಮ್ಮ ನಡುವೆ ಎಷ್ಟು ಮಂದಿ ಇರಬಹುದು?

ಉತ್ತರ 1 (ಪ್ರಯೋಗಾಲಯ ತಂತ್ರಜ್ಞೆ, ಮಂಗಳೂರು)

ಇವೆರಡೂ ಬೇರೆ ಬೇರೆ. ಹೆಪಟೈಟಿಸ್ ಅಂದರೆ ಪಿತ್ತಜನಕಾಂಗದ ಉರಿಯೂತ, ಅದನ್ನು ತರುವ ವೈರಸ್‌ಗಳಲ್ಲಿ ಎ ಮತ್ತು ಇ ಮಲದಿಂದ ಕಲುಷಿತವಾದ ನೀರು, ಆಹಾರದ ಮೂಲಕ ಬರುತ್ತವೆ. ಬಿ ಮತ್ತು ಸಿ ರಕ್ತದಿಂದ ಹರಡುತ್ತವೆ. ಬಿ ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೂ ದಾಟುತ್ತದೆ. ಒಟ್ಟಿಗೆ ಉಂಡರೆ ಅಂಟುವುದಿಲ್ಲ, ಬಟ್ಟಲನ್ನು ದಯವಿಟ್ಟು ಮೊದಲಿನಂತೆಯೇ ಇಡಿ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಶ್ಶು ಮಾತ್ರ ಬೇರೆ ಇರಲಿ.

2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಸಿ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದರೆ ರಕ್ತದಾನಿಗಳ ಲೆಕ್ಕವನ್ನು ಊರಿನ ಲೆಕ್ಕವೆಂದು ತೆಗೆದುಕೊಳ್ಳಬಾರದು: ದಾನ ಮಾಡುವವರು ಬಹುಪಾಲು ಆರೋಗ್ಯವಂತ ಗಂಡಸರು, ಸೋಂಕು ಮೊದಲೇ ಗೊತ್ತಿದ್ದವರು ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಕಾಮಾಲೆಯವರನ್ನು ಎಣಿಸಿದರೂ ಬಿ ಸೋಂಕಿನ ಲೆಕ್ಕ ಸಿಗುವುದಿಲ್ಲ, ಏಕೆಂದರೆ ದೀರ್ಘಕಾಲದ ಸೋಂಕಿರುವ ಬಹುತೇಕರಿಗೆ ವರ್ಷಗಟ್ಟಲೆ ಲಕ್ಷಣಗಳೇ ಇರುವುದಿಲ್ಲ.

ಉತ್ತರ 2 (ನಿವೃತ್ತ ಆರೋಗ್ಯ ನಿರೀಕ್ಷಕ, ಬ್ರಹ್ಮಾವರ)

ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಬಿರುಕುಗಳಿಂದ ಬೇಗ ಇಳಿಯುತ್ತದೆ, ಆಷಾಢದಲ್ಲಿ ಬಾವಿ ತುಂಬುವಾಗ ಶೌಚದ ಗುಂಡಿಯೂ ತುಂಬಿರುತ್ತದೆ. ಎರಡರ ನಡುವೆ ಕನಿಷ್ಠ 15 ಮೀಟರ್ ಅಂತರ ಬೇಕೆನ್ನುತ್ತಾರೆ. ಇಂಥ ನೆಲದಲ್ಲಿ ಅಷ್ಟೂ ಸಾಲದೆಂಬುದು ನನ್ನ ಅನುಭವ. ಸಾವಿರ ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಕುಡಿಯುವ ನೀರನ್ನು ಮಾತ್ರ ಕುದಿಸಲೇಬೇಕು. ಕಾಮಾಲೆ ಬಂದವರೆಲ್ಲ ರಕ್ತ ಪರೀಕ್ಷೆ ಮಾಡಿಸಲಿ, ಇಲ್ಲಿ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ತಮ್ಮನ ಹೆಂಡತಿಗೆ ಈಗ ಏಳು ತಿಂಗಳು. ಅವಳ ಬಗ್ಗೆ ಏನು ಮಾಡಬೇಕು?

ಉತ್ತರ 1 ಬರೆದವರು

ಈ ವಾರವೇ ಅವರ ರಕ್ತ ಪರೀಕ್ಷೆ ಮಾಡಿಸಿ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯಲ್ಲಿ ಅದು ಉಳಿದುಬಿಡುತ್ತದೆ, ದೊಡ್ಡವರಲ್ಲಿ ಐದಕ್ಕಿಂತ ಕಡಿಮೆ. ಆದ್ದರಿಂದ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಸಿಗಲೇಬೇಕು. ತಾಯಿಗೆ ಸೋಂಕಿದ್ದರೆ ಅದರ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದೂ ಬೇಕು. ಸೋಂಕಿಲ್ಲದಿದ್ದರೆ ತಾಯಿಗೇ ಈಗ ಲಸಿಕೆ ಶುರು ಮಾಡಬಹುದು, ಗರ್ಭಿಣಿಯರಿಗೆ ಅದರಿಂದ ಅಪಾಯವಿಲ್ಲ. ನಿಮ್ಮ ತಾಯಿಯನ್ನೂ ನಿಮ್ಮನ್ನೂ ಪರೀಕ್ಷಿಸಬೇಕು, ತಮ್ಮನಿಗೆ ಎಳವೆಯಲ್ಲೇ ಬಂದಿರಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ; ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.